ಬೀಡಿ ಬಿಡುವ ಮೊದಲು ಒಂದು ವಾರ ಗಡಿಯಾರ ನೋಡಿ

ಹುಣಸೂರು ಕಡೆ ನಮ್ಮದು ಹೊಗೆಸೊಪ್ಪು ಬೆಳೆಯುವ ಮನೆ. ಎಲೆ ಒಣಗಿಸುವ ಮನೆಯಾದ ಬ್ಯಾರನ್‌ನಲ್ಲಿ ಎಲೆ ಹದ ಆಗುವಾಗ ಒಲೆಗೆ ಸೌದೆ ಹಾಕಲು ರಾತ್ರಿಯಿಡೀ ಯಾರಾದರೂ ಎದ್ದಿರಬೇಕು. ನಾನೂ ತಮ್ಮನೂ ಬೀಡಿ ಕಲಿತದ್ದು ಅಲ್ಲೇ, ಅಪ್ಪನ ಒಂದೇ ಕಟ್ಟಿನಿಂದ. ಮದುವೆ ಗೊತ್ತಾದ ದಿನ ತಮ್ಮ ಬಿಟ್ಟ, ಮತ್ತೆ ಮುಟ್ಟಲಿಲ್ಲ. ನಾನು 6 ಸಲ ಬಿಟ್ಟೆ, 6 ಸಲವೂ ಮತ್ತೆ ಹಿಡಿದೆ. "ನಿಂಗೆ ಮನಸ್ಸು ಗಟ್ಟಿ ಇಲ್ಲ ಕಣಣ್ಣ" ಅನ್ನುತ್ತಿದ್ದ. ಆ ಮಾತು ತುಂಬಾ ನೋಯಿಸುತ್ತಿತ್ತು.

ಏಳನೇ ಸಲ ಬಿಟ್ಟು ಈಗ 9 ವರ್ಷ. ಪಿಯು ಕಾಲೇಜಿನಲ್ಲಿ ಜೀವಶಾಸ್ತ್ರ ಪಾಠ ಮಾಡುವ ನಾನು, ಆ ಸಲ ನನ್ನ ದೇಹವನ್ನೇ ಪಾಠದ ಹಾಗೆ ಓದಿದೆ. ನೀವೂ ಓದಬಹುದು. ರಕ್ತ ಪರೀಕ್ಷೆ ಬೇಡ, ಒಂದು ನೋಟ್‌ಬುಕ್ ಸಾಕು.

ಮೊದಲ ವಾರ ಏನನ್ನೂ ಕಡಿಮೆ ಮಾಡಬೇಡಿ. ಎದ್ದ ಸಮಯ, ಮೊದಲನೆಯದನ್ನು ಹಚ್ಚಿದ ಸಮಯ, ದಿನಕ್ಕೆ ಎಷ್ಟು, ಇಷ್ಟು ಮಾತ್ರ ಬರೆಯಿರಿ. ಸ್ವೀಡನ್ನಿನ ಫಾಗರ್‌ಸ್ಟ್ರೋಮ್ ಎಂಬ ಮನಶ್ಶಾಸ್ತ್ರಜ್ಞ 1978ರಲ್ಲಿ ಇಂಥ ಪ್ರಶ್ನೆಪಟ್ಟಿ ಮಾಡಿದ್ದರು. ಅದರಿಂದ ಬೆಳೆದ ಎರಡು ಪ್ರಶ್ನೆಗಳನ್ನು ಇವತ್ತಿಗೂ ವೈದ್ಯರು ಕೇಳುತ್ತಾರೆ. ಎದ್ದ 5 ನಿಮಿಷದೊಳಗೆ ಹಚ್ಚಿದರೆ 3 ಅಂಕ, ಅರ್ಧ ಗಂಟೆಯೊಳಗೆ 2, ಒಂದು ಗಂಟೆಯೊಳಗೆ 1, ಆಮೇಲೆ ಆದರೆ ಸೊನ್ನೆ. ದಿನಕ್ಕೆ 10ರ ತನಕ ಸೊನ್ನೆ, 20ರ ತನಕ 1, 30ರ ತನಕ 2, ಅದಕ್ಕೂ ಜಾಸ್ತಿ ಆದರೆ 3. ಎರಡನ್ನೂ ಕೂಡಿಸಿ.

ನನ್ನದು 5 ಬಂತು. ಹಲ್ಲುಜ್ಜುವ ಮೊದಲೇ ಕೈ ದಿಂಬಿನ ಕೆಳಗಿನ ಬೆಂಕಿಪೊಟ್ಟಣಕ್ಕೆ ಹೋಗುತ್ತಿತ್ತು. ತಮ್ಮನನ್ನು ಕೇಳಿದೆ. ತಿಂಡಿ ಆಗಿ, ಹೊಲಕ್ಕೆ ಹೋಗಿ, ಒಂದು ಸಾಲು ಕಳೆ ತೆಗೆದ ಮೇಲೆ ಅವನಿಗೆ ಬೀಡಿ ನೆನಪಾಗುತ್ತಿತ್ತಂತೆ. ಅವನದು ಸೊನ್ನೆ.

ಒಂದೇ ತಾಯಿಯ ಮಕ್ಕಳಲ್ಲಿ ಇಷ್ಟು ವ್ಯತ್ಯಾಸ ಯಾಕೆ? ಒಡಹುಟ್ಟಿದವರ ಜೀನ್‌ಗಳಲ್ಲೂ ಸರಾಸರಿ ಅರ್ಧ ಮಾತ್ರ ಹೊಂದಿಕೆ. ಒಬ್ಬರಿಗೆ ಚಟ ಜೋರಾಗಿ ಹಿಡಿದು ಇನ್ನೊಬ್ಬರಿಗೆ ಸಡಿಲವಾಗಿರುವುದಕ್ಕೆ ಸುಮಾರು ಅರ್ಧ ಪಾಲು ಕಾರಣ ಜೀನ್‌ಗಳು ಎಂದು ಅವಳಿಗಳ ಅಧ್ಯಯನಗಳು ಹೇಳುತ್ತವೆ. ಇದರಲ್ಲಿ ಎರಡು ಜೀನ್ ಮುಖ್ಯ. ಒಂದು 19ನೇ ಕ್ರೋಮೋಸೋಮಿನ ಸಿವೈಪಿ2ಎ6. ಚಟ ಹಿಡಿಸುವ ನಿಕೋಟಿನ್ ಅನ್ನು ಪಿತ್ತಜನಕಾಂಗದಲ್ಲಿ ಒಡೆಯುವ ಕಿಣ್ವ ಇದರಿಂದ ಬರುತ್ತದೆ. ಕಿಣ್ವ ನಿಧಾನ ಇದ್ದರೆ ಒಂದು ಬೀಡಿಯ ನಿಕೋಟಿನ್ ತುಂಬಾ ಹೊತ್ತು ಇರುತ್ತದೆ. ಅಂಥವರು ಸೇದುವುದು ಕಡಿಮೆ, ಬಿಡುವುದೂ ಸ್ವಲ್ಪ ಸುಲಭ. ಚುರುಕಾಗಿದ್ದರೆ ಬೇಗ ಖಾಲಿಯಾಗಿ ಇನ್ನೊಂದು ಬೇಕು ಅನ್ನಿಸುತ್ತದೆ.

ಇನ್ನೊಂದು 15ನೇ ಕ್ರೋಮೋಸೋಮಿನ ಸಿಎಚ್‌ಆರ್‌ಎನ್‌ಎ5. ಜಾಸ್ತಿ ಸೇದಿದರೆ ವಾಕರಿಕೆ ಬರುತ್ತದೆ ಅಲ್ವಾ? ಆ 'ಸಾಕು' ಅನ್ನುವ ಸಂದೇಶದಲ್ಲಿ ಈ ಜೀನ್‌ಗೂ ಪಾಲಿದೆ. ಇದರ ಒಂದು ರೂಪ ಇರುವ ಸೇದುಗರಲ್ಲಿ, ಆ ರೂಪದ ಒಂದೊಂದು ಪ್ರತಿಗೂ ದಿನಕ್ಕೆ ಸರಾಸರಿ ಒಂದು ಸಿಗರೇಟ್ ಜಾಸ್ತಿ ಕಂಡುಬಂದಿದೆ. ಇವೆರಡೇ ಅಲ್ಲ. 2019ರಲ್ಲಿ ಸುಮಾರು 12 ಲಕ್ಷ ಜನರ ಮಾಹಿತಿ ನೋಡಿದಾಗ, ಸೇದುವುದಕ್ಕೂ ಕುಡಿಯುವುದಕ್ಕೂ ಸಂಬಂಧಪಟ್ಟ 400ಕ್ಕೂ ಹೆಚ್ಚು ಜಾಗಗಳು ಡಿಎನ್‌ಎಯಲ್ಲಿ ಸಿಕ್ಕವು. ನಿಮ್ಮ ಗಡಿಯಾರ ಇದರಲ್ಲಿ ಯಾವ ಜೀನ್ ಎಂದು ತೋರಿಸುವುದಿಲ್ಲ. ಜೀನ್, ಅಭ್ಯಾಸ, ವಯಸ್ಸು ಎಲ್ಲ ಸೇರಿ ಹಿಡಿತ ಎಷ್ಟು ಬಿಗಿಯಾಗಿದೆ ಎಂದು ತೋರಿಸುತ್ತದೆ. ದಾರಿ ಆರಿಸಲು ಅಷ್ಟು ಸಾಕು.

"ಹಾಗಾದ್ರೆ ಕ್ಯಾನ್ಸರೂ ಹಣೆಬರಹವೇ" ಅನ್ನುವವರಿದ್ದಾರೆ. 1950ರ ದಶಕದಲ್ಲಿ ರೊನಾಲ್ಡ್ ಫಿಶರ್‌ರಂಥ ದೊಡ್ಡ ಸಂಖ್ಯಾಶಾಸ್ತ್ರಜ್ಞರೇ ಹೀಗೆ ವಾದಿಸಿದ್ದರು. ಸೇದುವ ಆಸೆ, ಕ್ಯಾನ್ಸರ್ ಎರಡೂ ಒಂದೇ ಜೀನ್‌ನಿಂದ ಬರಬಹುದು ಎಂದರು. ಅದು ತಪ್ಪಾಯಿತು. ಕ್ಯಾನ್ಸರ್ ತರುವುದು ಹೊಗೆಯೇ.

ಈಗ ದಾರಿ. ಅಂಕ 0ರಿಂದ 2 ಬಂದರೆ ಒಂದು ದಿನ ಗೊತ್ತುಮಾಡಿ, ಬಿಟ್ಟುಬಿಡಿ. 3 ಅಥವಾ ಜಾಸ್ತಿ ಬಂದರೆ ದಯವಿಟ್ಟು ಬರಿಗೈಲಿ ಹೋಗಬೇಡಿ. ನಿಕೋಟಿನ್ ಗಮ್, ಪ್ಯಾಚ್, ಮಾತ್ರೆ ಇವೆ. ಯಾವುದು, ಎಷ್ಟು ಅನ್ನುವುದನ್ನು ವೈದ್ಯರನ್ನು ಕೇಳಿ. ಹೃದಯದ ತೊಂದರೆ ಇದ್ದರೆ, ಬಸುರಿಯಾಗಿದ್ದರೆ ಕೇಳದೆ ಶುರುಮಾಡಲೇಬೇಡಿ.

ಗಮ್ ಜಗಿಯುವುದನ್ನು ಯಾರೂ ಸರಿಯಾಗಿ ಹೇಳಿಕೊಡುವುದಿಲ್ಲ. ಆರನೇ ಸಲ ನಾನು ಸೋತದ್ದು ಅಲ್ಲೇ. ಕಾಫಿ ಕುಡಿದ ತಕ್ಷಣ ಬಾಯಿಗೆ ಹಾಕಿ ಬಬಲ್‌ಗಮ್ ಹಾಗೆ ಜಗಿದೆ. ಬಿಕ್ಕಳಿಕೆ, ಹೊಟ್ಟೆ ತೊಳೆಸು. ನುಂಗಿದ ನಿಕೋಟಿನ್‌ನಲ್ಲಿ ಹೆಚ್ಚಿನದನ್ನು ಪಿತ್ತಜನಕಾಂಗ ಮಿದುಳಿಗೆ ಹೋಗುವ ಮೊದಲೇ ಒಡೆದುಹಾಕುತ್ತದೆ. ಗಮ್‌ನ ನಿಕೋಟಿನ್ ಹೀರಿಕೆಯಾಗಬೇಕಾದದ್ದು ಬಾಯಲ್ಲಿ. ನಿಧಾನವಾಗಿ ಜಗಿಯಿರಿ. ಮೆಣಸಿನ ಹಾಗೆ ಚುರುಕು ಬಂದ ಕೂಡಲೇ ನಿಲ್ಲಿಸಿ, ಕೆನ್ನೆ ಮತ್ತು ವಸಡಿನ ನಡುವೆ ಇಟ್ಟುಕೊಳ್ಳಿ. ಚುರುಕು ಇಳಿದ ಮೇಲೆ ಮತ್ತೆ ಜಗಿದು, ಈ ಸಲ ಇನ್ನೊಂದು ಕೆನ್ನೆಯಲ್ಲಿಡಿ. ಹೀಗೆ ಅರ್ಧ ಗಂಟೆ. ಅದಕ್ಕೆ 15 ನಿಮಿಷ ಮೊದಲಿನಿಂದ ಕಾಫಿ, ನಿಂಬೆರಸ ಏನೂ ಬೇಡ. ಹುಳಿ ಇರುವ ಬಾಯಿ ನಿಕೋಟಿನ್ ಸರಿಯಾಗಿ ಹೀರುವುದಿಲ್ಲ.

ಕಾಫಿಯ ಬಗ್ಗೆ ಇನ್ನೊಂದು ಮಾತು. ಹೊಗೆಯಲ್ಲಿರುವ ಟಾರ್ ಎಂಬ ಅಂಟು ಮಸಿ ಕಾಫಿಯ ಕೆಫೀನನ್ನು ದೇಹದಿಂದ ಬೇಗ ಹೊರಹಾಕಿಸುತ್ತಿರುತ್ತದೆ. ಬೀಡಿ ನಿಂತರೆ ಅಷ್ಟೇ ಕಾಫಿ ಎರಡರಷ್ಟು ಕೆಲಸ ಮಾಡುತ್ತದೆ. ಕೈ ನಡುಗುತ್ತದೆ, ನಿದ್ದೆ ಬರುವುದಿಲ್ಲ. ನಾವು ಅದನ್ನು ಬೀಡಿ ಬಿಟ್ಟ ಸಂಕಟ ಅಂದುಕೊಂಡು ಮತ್ತೆ ಹಚ್ಚುತ್ತೇವೆ. ಬಿಟ್ಟ ದಿನದಿಂದಲೇ ಕಾಫಿ ಅರ್ಧ ಮಾಡಿ. ಬೇರೆ ಕಾಯಿಲೆಗೆ ಮಾತ್ರೆ ನುಂಗುತ್ತಿದ್ದರೆ ಬಿಡುವ ವಿಷಯ ವೈದ್ಯರಿಗೆ ತಿಳಿಸಿ. ಕೆಲವು ಔಷಧಿಗಳ ಪ್ರಮಾಣವೂ ಬದಲಾಗಬೇಕಾಗುತ್ತದೆ.

ಮೊದಲ 3 ದಿನ ಕಷ್ಟ ಜಾಸ್ತಿ. ಮೂರ್ನಾಲ್ಕು ವಾರದಲ್ಲಿ ತುಂಬಾ ಇಳಿಯುತ್ತದೆ. ಮಾತಾಡಲು ಯಾರಾದರೂ ಬೇಕೆನಿಸಿದರೆ ತಂಬಾಕು ಬಿಡಲು ನೆರವಾಗುವ ರಾಷ್ಟ್ರೀಯ ಸಹಾಯವಾಣಿ 1800-11-2356ಕ್ಕೆ ಫೋನ್ ಮಾಡಿ, ದುಡ್ಡು ಬೀಳುವುದಿಲ್ಲ.

ನೋಟ್‌ಬುಕ್ ಮಾತ್ರ ಮುಚ್ಚಿಡಬೇಡಿ, ಮನೆಯವರಿಗೆ ತೋರಿಸಿ. ನಾನು ಆ ಪುಟವನ್ನು ತಮ್ಮನ ಮುಂದಿಟ್ಟೆ, ನನ್ನ 5, ಅವನ ಸೊನ್ನೆ. ಸ್ವಲ್ಪ ಹೊತ್ತು ನೋಡಿದ, ಏನೂ ಅನ್ನಲಿಲ್ಲ. ಆ ವರ್ಷ ಎಲೆ ಹದ ಮಾಡುವ ಕಾಲದಲ್ಲಿ ಮೂರು ವಾರ ನನ್ನನ್ನು ಬ್ಯಾರನ್ ಹತ್ತಿರ ಬಿಟ್ಟುಕೊಳ್ಳಲಿಲ್ಲ. ನನ್ನ ಸರದಿಯ ರಾತ್ರಿಗಳಲ್ಲೂ ಸೌದೆ ಅವನೇ ಹಾಕಿದ.