ಕೊಲೆಗೆ ಮುಂಚಿನ 24 ಗಂಟೆ: ಜೈಲಿನ ಗುಂಪು ಕೆಲಸದಲ್ಲಿ ನನ್ನ ಅನುಭವ

ಕೊಲೆ ಮಾಡಿ ಶಿಕ್ಷೆ ಅನುಭವಿಸುತ್ತಿರುವವರ ಗುಂಪಿನಲ್ಲಿ ‘ಯಾಕೆ ಕೊಂದೆ’ ಎಂದು ನಾನು ಕೇಳುವುದಿಲ್ಲ. ಕೇಳಿದರೆ ಕೋರ್ಟಿನಲ್ಲಿ ಹೇಳಿ ಹೇಳಿ ಸವೆದ ಉತ್ತರವೇ ಬರುತ್ತದೆ: ಕುಡಿದಿದ್ದೆ, ಅವನೇ ಕೆಣಕಿದ, ಏನಾಯಿತೋ ಗೊತ್ತಾಗಲಿಲ್ಲ. ಅದರ ಬದಲು ಕೊಲೆಗೆ ಮುಂಚಿನ 24 ಗಂಟೆಗಳನ್ನು ಬಿಡಿಸಿ ಬರೆಸುತ್ತೇನೆ.

ಗುಂಪಿಗೆ 8 ಜನ ಸಾಕು. ನಡೆಸುವವರು ಇಬ್ಬರಿರಬೇಕು, ಒಬ್ಬರು ಮಾತನಾಡಿಸುವಾಗ ಇನ್ನೊಬ್ಬರು ಉಳಿದವರ ಮುಖ ನೋಡುತ್ತಿರಬೇಕು. ಒಂದು ಸಲಕ್ಕೆ 90 ನಿಮಿಷ. ತೀರ್ಪು, ಮರಣೋತ್ತರ ಪರೀಕ್ಷೆಯ ವರದಿ, ಸಾಕ್ಷಿಗಳ ಹೇಳಿಕೆ ಇವನ್ನು ಮೊದಲೇ ಓದಿಕೊಳ್ಳದೆ ಕೂರಬಾರದು. ‘ಒಂದೇ ಏಟು’ ಎನ್ನುವವನ ಕಡತದಲ್ಲಿ ಹತ್ತಾರು ಗಾಯಗಳಿರುತ್ತವೆ. ಮೇಲ್ಮನವಿ ಬಾಕಿಯಿರುವವರನ್ನು ಸೇರಿಸಿಕೊಳ್ಳುವುದಿಲ್ಲ, ಇಲ್ಲಿ ಆಡಿದ ಮಾತು ಅವರ ಕುತ್ತಿಗೆಗೆ ಬಂದೀತು. ಯಾರ ಮೇಲಾದರೂ ಕೈ ಮಾಡುವ ಸುಳಿವು ಸಿಕ್ಕರೆ ಅಧಿಕಾರಿಗಳಿಗೆ ತಿಳಿಸುತ್ತೇವೆಂದು ಮೊದಲ ದಿನವೇ ಹೇಳಿಬಿಡಬೇಕು.

ಹಾಳೆಯಲ್ಲಿ ನಾಲ್ಕು ಕಾಲಂ: ನಡೆದದ್ದು, ತಲೆಯಲ್ಲಿ ಓಡಿದ್ದು, ಮೈಯಲ್ಲಿ ಆದದ್ದು, ಆಗ ಇದ್ದ ಬೇರೆ ದಾರಿ. ಮೊದಲು ಗಂಟೆಗೊಂದು ಸಾಲು, ಕೊನೆಯ ಅರ್ಧ ಗಂಟೆಗೆ ನಿಮಿಷಕ್ಕೊಂದು ಸಾಲು. ನಾಲ್ಕನೆಯ ಕಾಲಂ ಅನ್ನು ಎಲ್ಲ ಮುಗಿದ ಮೇಲೆ ತುಂಬಿಸಬೇಕು. ಮೊದಲೇ ಕೇಳಿದರೆ ನಮಗೆ ಇಷ್ಟವಾಗುವ ನೀತಿಪಾಠ ಒಪ್ಪಿಸಿಬಿಡುತ್ತಾರೆ.

ನಾನು ಬಿಡದೆ ಕೇಳುವ ಪ್ರಶ್ನೆ ಒಂದಿದೆ: ಚಾಕು ಎಲ್ಲಿತ್ತು? ಒಳಗೆ ಹೋಗಿ ತಂದನೇ, ಮನೆ ಬಿಡುವಾಗಲೇ ಸೊಂಟಕ್ಕೆ ಸಿಕ್ಕಿಸಿಕೊಂಡಿದ್ದನೇ? ಹೋಗಿ ತಂದಿದ್ದರೆ, ಆ ನಡಿಗೆಯಲ್ಲಿ ತಲೆಯಲ್ಲಿ ಓಡಿದ ಮಾತು ಏನು? ‘ಗೊತ್ತಾಗಲಿಲ್ಲ’ ಎಂಬುದು ಒಡೆಯುವುದು ಇಲ್ಲೇ. ಜಗಳದ ಕೊಲೆಗಳಲ್ಲಿ ಮತ್ತೆ ಮತ್ತೆ ಎದುರಾಗುವುದು ನಾಲ್ಕು ಮಂದಿಯೆದುರು ಆದ ಅವಮಾನ, ಹುರಿದುಂಬಿಸುವ ಗೆಳೆಯರು, ಮದ್ಯ, ಕೈಗೆಟಕುವ ಆಯುಧ. ಬಾಲ್ಯದಲ್ಲಿ ತಿಂದ ಹೊಡೆತವೂ ಸಾಮಾನ್ಯ, ಆದರೆ ಹಾಗೆ ಹೊಡೆಸಿಕೊಂಡವರಲ್ಲಿ ಬಹುಪಾಲು ಜನ ಯಾರನ್ನೂ ಕೊಲ್ಲುವುದಿಲ್ಲ. ಅದನ್ನೇ ಕಾರಣವೆಂದು ಬರೆದು ಕಡತ ಮುಚ್ಚುವ ವರದಿಗಳನ್ನು ಕಂಡರೆ ನನಗಾಗದು.

ಹೆಂಡತಿಯನ್ನೋ ಸಂಗಾತಿಯನ್ನೋ ಕೊಂದವರಿಗೆ 24 ಗಂಟೆ ಸಾಲದು. ವಿಶ್ವಸಂಸ್ಥೆಯ ಅಂದಾಜಿನಂತೆ 2017ರಲ್ಲಿ ಜಗತ್ತಿನಲ್ಲಿ ಕೊಲೆಯಾದ ಸುಮಾರು 87,000 ಮಹಿಳೆಯರಲ್ಲಿ 50,000 ಜನರನ್ನು ಕೊಂದವರು ಸಂಗಾತಿ ಅಥವಾ ಮನೆಯವರೇ. ಇಲ್ಲಿ ಕನಿಷ್ಠ ಒಂದು ವರ್ಷ ಹಿಂದಕ್ಕೆ ಹೋಗಬೇಕು: ಫೋನ್ ತಪಾಸಣೆ, ಬೆನ್ನು ಬಿದ್ದು ಕಾಯುವುದು, ಹಿಂದೊಮ್ಮೆ ಕತ್ತು ಹಿಸುಕಿದ್ದು, ಆಕೆ ಬಿಟ್ಟುಹೋಗುವೆನೆಂದ ದಿನ. ಇಂಥವರನ್ನು ಕೋಪ ನಿಗ್ರಹದ ತರಬೇತಿಗೆ ಕಳಿಸುವುದು ದಂಡ. ಆಫೀಸಿನಲ್ಲಿ ಮೇಲಧಿಕಾರಿ ಬೈದಾಗ ಅದೇ ಮನುಷ್ಯ ಕೋಪ ನುಂಗಿಕೊಂಡು ಸುಮ್ಮನಿರುತ್ತಾನೆ.

ಮನೋವಿಕೃತಿಯನ್ನು (ಸೈಕೋಪತಿ) ಅಳೆಯುವ ಪಿಸಿಎಲ್-ಆರ್ ಎಂಬ ಪಟ್ಟಿಯಲ್ಲಿ 20 ಅಂಶಗಳಿವೆ, ಗರಿಷ್ಠ ಅಂಕ 40. ಉತ್ತರ ಅಮೆರಿಕದಲ್ಲಿ 30 ಅಥವಾ ಅದಕ್ಕಿಂತ ಹೆಚ್ಚು ಅಂಕ ಬಂದವರನ್ನು ಸಾಮಾನ್ಯವಾಗಿ ಮನೋವಿಕೃತರ ಸಾಲಿಗೆ ಸೇರಿಸುತ್ತಾರೆ. ಅಷ್ಟು ಅಂಕದವರನ್ನು ಗುಂಪಿಗೆ ಹಾಕಬೇಡಿ. ಪಶ್ಚಾತ್ತಾಪದ ಭಾಷೆಯನ್ನು ಎಲ್ಲರಿಗಿಂತ ಬೇಗ ಕಲಿಯುವವರು ಅವರೇ, ಉಳಿದವರ ಗುಟ್ಟು ಬಳಸಿಕೊಳ್ಳುವವರೂ ಅವರೇ.

ದೊಡ್ಡ ಅನಾಹುತ ಆಗುವುದು ಕೊಲೆಯ ಕ್ಷಣಕ್ಕೆ ಬಂದು ನಿಂತಾಗ ಸಮಯ ಮುಗಿದುಹೋದರೆ. ಒಬ್ಬನೇ ಬ್ಯಾರಕ್ಕಿಗೆ ಮರಳುವ ಆ ರಾತ್ರಿ ಆತ್ಮಹತ್ಯೆಯ ಅಪಾಯ ಹೆಚ್ಚು. ಕೊನೆಯ 20 ನಿಮಿಷ ಹಾಳೆ ಮಡಿಸಿಟ್ಟು ನಾಳಿನ ಕೆಲಸ, ಊಟ, ಮನೆಯ ಪತ್ರದ ಬಗ್ಗೆ ಮಾತಾಡಿಸಿ, ಪಹರೆಯವರಿಗೆ ಹೆಸರು ಕೊಟ್ಟೇ ಹೊರಡಬೇಕು. ಕ್ಷಮಾಪಣೆಯ ಪತ್ರ ಬರೆಸಬಹುದು, ಕಳಿಸಬಾರದು. ಸತ್ತವರ ಮನೆಯವರು ತಾವಾಗಿ ಕೇಳಿದರೆ ಮಾತ್ರ ಭೇಟಿಯ ಮಾತು, ಅದಕ್ಕೂ ತಿಂಗಳುಗಟ್ಟಲೆ ತಯಾರಿ ಬೇಕು.

ಗಲ್ಲಿನ ಭಯವಿದ್ದರೆ ಕೊಲೆ ನಿಲ್ಲುತ್ತದೆ ಎನ್ನುವವರಿಗೆ: ಆ ಕೊನೆಯ ಅರ್ಧ ಗಂಟೆಯ ಸಾಲುಗಳಲ್ಲಿ ಶಿಕ್ಷೆಯ ಯೋಚನೆ ಅಪರೂಪ. ಬಂದರೂ ‘ಸಿಕ್ಕಿಬೀಳುತ್ತೇನಾ’ ಎಂಬುದೇ ಬರುತ್ತದೆ, ಎಷ್ಟು ವರ್ಷ ಎಂಬುದಲ್ಲ. ಇಟಲಿಯ ಚಿಂತಕ ಬೆಕಾರಿಯಾ 1764ರಲ್ಲೇ ಶಿಕ್ಷೆಯ ಕ್ರೌರ್ಯಕ್ಕಿಂತ ಖಚಿತತೆ ಮುಖ್ಯ ಎಂದಿದ್ದ. ಹೊರಗಿಡಲೇಬೇಕಾದ ಅಪಾಯಕಾರಿಗಳು ಇದ್ದಾರೆ, ಅನುಮಾನವಿಲ್ಲ. ನಾರ್ವೆಯಲ್ಲಿ ಅಂಥವರಿಗೆ ಸಾಮಾನ್ಯವಾಗಿ ಗರಿಷ್ಠ 21 ವರ್ಷದ ಬಂಧನ. ಅಪಾಯ ಉಳಿದಿದ್ದರೆ ನ್ಯಾಯಾಲಯ ಒಂದು ಸಲಕ್ಕೆ 5 ವರ್ಷದವರೆಗೆ ವಿಸ್ತರಿಸಬಹುದು. ನನಗೆ ಈ ವ್ಯವಸ್ಥೆ ಸರಿ ಕಾಣುತ್ತದೆ.

ಬಿಡುಗಡೆಯ ಯೋಜನೆಯನ್ನೂ ಅದೇ ಹಾಳೆಯಿಂದಲೇ ಮಾಡುತ್ತೇವೆ. ಕೊಲೆಯವರೆಗೆ ಎಳೆದೊಯ್ದ ಘಟನೆಗಳ ಸರಪಳಿಯ ಯಾವ ಕೊಂಡಿ ಹೊರಗೆ ಇನ್ನೂ ಹಾಗೇ ಕಾದಿದೆ, ಅದೇ ಗೆಳೆಯರೇ, ಅದೇ ಬಾರೇ, ಅದೇ ಜಮೀನಿನ ತಕರಾರೇ ಎಂದು ಗುರುತಿಸಿ, ಪ್ರತಿಯೊಂದರ ಮುಂದೆ ಅಂಥ ಹೊತ್ತಿನಲ್ಲಿ ಯಾರಿಗೆ ಫೋನ್ ಮಾಡಬೇಕೆಂದು ಒಬ್ಬರ ಹೆಸರು ಬರೆಯುತ್ತೇವೆ. ಆ ವ್ಯಕ್ತಿಯನ್ನು ನಾವೇ ಮಾತಾಡಿಸಿ ಒಪ್ಪಿಸಿದ ಮೇಲಷ್ಟೇ ಆ ಸಾಲು ಪೂರ್ತಿಯಾದಂತೆ.