ಬ್ಯಾಂಡ್‌ಸಾನಲ್ಲಿ ದುಂಡು ಕೊಂಬೆಗೆ ವಿ ಆಕಾರದ ಜಿಗ್

ಮೈಸೂರು ರಸ್ತೆಯ ಟಿಂಬರ್ ಯಾರ್ಡ್‌ನಿಂದ ತಂದ ಸಿಲ್ವರ್ ಓಕ್ ಕೊಂಬೆಯನ್ನು ಲೇತ್‌ಗಾಗಿ (ಮರವನ್ನು ತಿರುಗಿಸಿ ಕಡೆಯುವ ಯಂತ್ರ) ಬ್ಯಾಂಡ್‌ಸಾನಲ್ಲಿ, ಅಂದರೆ ಪಟ್ಟಿಯಂಥ ಬ್ಲೇಡ್ ಸುತ್ತುವ ಗರಗಸ ಯಂತ್ರದಲ್ಲಿ, ಅಡ್ಡ ಕೊಯ್ಯುವಾಗ ಬರಿಗೈಯಲ್ಲಿ ಹಿಡಿಯಲೇಬೇಡಿ. ಹಲ್ಲುಗಳು ಕೆಳಮುಖವಾಗಿ ಎಳೆಯುತ್ತವೆ. ದುಂಡು ಮರಕ್ಕೆ ಆಸರೆ ಇಲ್ಲದಿದ್ದರೆ ಗಿರ್ರನೆ ಉರುಳಿ ಬೆರಳನ್ನೂ ಬ್ಲೇಡಿನತ್ತ ಸೆಳೆಯುತ್ತದೆ, ಬ್ಲೇಡೂ ತುಂಡಾಗಬಹುದು.

ಅದಕ್ಕೇ ಕೊಂಬೆಯನ್ನು ಅಲುಗದಂತೆ ಹಿಡಿದಿಡುವ ಜಿಗ್ ಬೇಕು. ಅದಕ್ಕೆ 18 ಮಿ.ಮೀ. ಪ್ಲೈವುಡ್ ತಳ ಸಾಕು. ಎರಡು ರೀಪರ್‌ಗಳ (ಮರದ ಪಟ್ಟಿಗಳ) ಒಂದೊಂದು ಅಂಚನ್ನು 45 ಡಿಗ್ರಿ ಓರೆ ಮಾಡಿ, ಆ ಅಂಚುಗಳು ಎದುರುಬದುರಾಗಿ ವಿ ಆಗುವಂತೆ ಫೆವಿಕಾಲ್ ಹಚ್ಚಿ ತಳಕ್ಕೆ ಅಂಟಿಸಿ, ತಳದ ಕೆಳಗಿನಿಂದ ಸ್ಕ್ರೂ ಹಾಕಿ. ವಿ ತೋಡು ಬ್ಲೇಡ್ ಕೊಯ್ಯುವ ಗೆರೆಗೆ ಅಡ್ಡಲಾಗಿರಲಿ. ಬ್ಲೇಡ್ ಹಾಯುವ ಗೆರೆಯ ಎರಡೂ ಬದಿ 20 ಮಿ.ಮೀ. ಒಳಗೆ ಸ್ಕ್ರೂ ಬೇಡವೇ ಬೇಡ. ಯಂತ್ರದ ಟೇಬಲ್ಲಿನ ತೋಡಿನಲ್ಲಿ ಸಡಿಲವಿಲ್ಲದೆ ಜಾರುವ ಪಟ್ಟಿಯನ್ನು ತಳಕ್ಕೆ ಅಂಟಿಸಿ.

ಕೊಂಬೆಯನ್ನು ಕ್ಲಾಂಪಿನಿಂದ ಬಿಗಿಯಿರಿ. ಡೊಂಕು ಕೊಂಬೆ ಅಲುಗಿದರೆ ಬೆಣೆ ಕೊಡಿ. ಬ್ಲೇಡನ್ನು ನೇರವಾಗಿ ಹಿಡಿದಿಡುವ ಮೇಲಿನ ಗೈಡ್ ಮರಕ್ಕಿಂತ 6 ಮಿ.ಮೀ. ಮಾತ್ರ ಮೇಲಿರಲಿ. ಹಸಿ ಮರಕ್ಕೆ ಇಂಚಿಗೆ 3 ಹಲ್ಲಿನ ಬ್ಲೇಡ್ ಒಳ್ಳೆಯದು. ಸಣ್ಣ ಹಲ್ಲುಗಳ ಸಂದಿಯಲ್ಲಿ ಹೊಟ್ಟು ಕಟ್ಟಿಕೊಂಡು ಬ್ಲೇಡ್ ಬಿಸಿಯಾಗುತ್ತದೆ.