ಮೂರು ಸ್ಟಾರ್ ಕೊಡುವುದನ್ನು ಬಿಟ್ಟೆ

ವಾರಕ್ಕೆ ಮೂರೋ ನಾಲ್ಕೋ ಹೊಸ ಸಿನಿಮಾ, ಒಂದೊಂದಕ್ಕೂ 50 ಪದ, ಕೊನೆಗೊಂದು ರೇಟಿಂಗ್. ಇದು ನನ್ನ ಕೆಲಸ. ಉದ್ದದ ವಿಮರ್ಶೆಗಿಂತ ಇದು ಸುಲಭ ಅಂದುಕೊಂಡೇ ಶುರು ಮಾಡಿದ್ದೆ. ಎರಡು ವರ್ಷ ಕಳೆದ ಮೇಲೆ ಒಂದು ದಿನ ಸುಮ್ನೆ ಕೂತು ಹಳೇ ರೇಟಿಂಗ್‌ಗಳನ್ನೆಲ್ಲ ಎಣಿಸಿದೆ. ಅರ್ಧಕ್ಕಿಂತ ಜಾಸ್ತಿ ಸಿನಿಮಾಗಳಿಗೆ ಮೂರು ಸ್ಟಾರ್!

ಐದರಲ್ಲಿ ಮೂರು ಅನ್ನುವುದು ಬಲು ಅನುಕೂಲದ ಅಂಕಿ. ಸಿನಿಮಾ ಮಾಡಿದವರಿಗೂ ಬೇಜಾರಿಲ್ಲ, ಓದಿದವರೂ ಬೈಯುವುದಿಲ್ಲ. ‘ಒಮ್ಮೆ ನೋಡಬಹುದು’ ಅಂತ ಸೇರಿಸಿದರೆ ಮುಗಿಯಿತು. ಯಾರು ನೋಡಬಹುದು, ಯಾಕೆ ನೋಡಬಹುದು? ಅದನ್ನು ನಾನೂ ಯೋಚಿಸಿರಲಿಲ್ಲ.

ಆವತ್ತಿನಿಂದ ಆರು ತಿಂಗಳು ಮೂರು ಕೊಡಬಾರದು ಅಂತ ನಿಯಮ ಹಾಕಿಕೊಂಡೆ. ಎರಡೂವರೆ ಅಥವಾ ಮೂರೂವರೆ, ಯಾವುದಾದರೂ ಒಂದು ಕಡೆ ವಾಲಲೇಬೇಕು. ಮೊದಲ ವಾರ ತಲೆ ಕೆಟ್ಟುಹೋಯಿತು. ಅರ್ಧ ಸ್ಟಾರ್‌ಗೆ ಕಾರಣ ಹುಡುಕುವಾಗಲೇ ನನಗೆ ಆ ಸಿನಿಮಾ ಇಷ್ಟವಾಗಿತ್ತಾ ಇಲ್ಲವಾ ಅಂತ ಗೊತ್ತಾಗುತ್ತಿತ್ತು.

ಇನ್ನೊಂದು ತಪ್ಪೂ ಆಗ ಕಣ್ಣಿಗೆ ಬಿತ್ತು. ನಾನು ಮೊದಲು ಸ್ಟಾರ್ ಹಾಕಿ ಆಮೇಲೆ ಬರೆಯುತ್ತಿದ್ದೆ. ಎರಡು ಅಂತ ಹಾಕಿದ ಮೇಲೆ ಚೆನ್ನಾಗಿದ್ದ ದೃಶ್ಯವೂ ನೆನಪಿಗೆ ಬರುವುದಿಲ್ಲ, ಅಂಕಿಗೆ ತಕ್ಕ ಸಾಕ್ಷಿಯನ್ನೇ ಮನಸ್ಸು ಹುಡುಕುತ್ತದೆ. ಈಗ ಬರಹ ಮೊದಲು, ಒಂದು ರಾತ್ರಿ ಕಳೆದ ಮೇಲೆ ಸ್ಟಾರ್. ಕತ್ತಲಲ್ಲಿ ಎರಡೇ ವಿಷಯ ಗೀಚಿಕೊಳ್ಳುತ್ತೇನೆ: ಯಾವಾಗ ವಾಚ್ ನೋಡಿದೆ, ಯಾವಾಗ ಗೀಚುವುದನ್ನೇ ಮರೆತೆ.

ಕೆಲವು ಮಾತುಗಳನ್ನು ನಿಷೇಧಿಸಿದ್ದೇನೆ. ‘ಪಾತ್ರಕ್ಕೆ ಜೀವ ತುಂಬಿದ್ದಾರೆ’, ‘ಛಾಯಾಗ್ರಹಣ ಕಣ್ಣಿಗೆ ಹಬ್ಬ’, ‘ಸೆಕೆಂಡ್ ಹಾಫ್‌ಗೆ ಕತ್ತರಿ ಬೇಕಿತ್ತು’. ಇವನ್ನು ಸಿನಿಮಾ ನೋಡದೆಯೂ ಬರೆಯಬಹುದು, ಅಲ್ವಾ? ಅದರ ಬದಲು ‘ಅಪ್ಪ ಸತ್ತ ಸುದ್ದಿ ಕೇಳಿ ಅವಳು ಅಳುವುದಿಲ್ಲ, ಬಟ್ಟೆ ಮಡಚುತ್ತಾಳೆ’ ಅಂದರೆ ಎಂಟೇ ಪದದಲ್ಲಿ ನಟನೆಯೂ ಬಂತು, ನಿರ್ದೇಶನವೂ ಬಂತು.

ಸಿನಿಮಾಕ್ಕೆ ಸ್ಟಾರ್ ಕೊಡುವ ಪದ್ಧತಿ ನ್ಯೂಯಾರ್ಕ್ ಡೈಲಿ ನ್ಯೂಸ್ ಪತ್ರಿಕೆಯಲ್ಲಿ 1928ರಲ್ಲೇ ಇತ್ತು. ವಿಮರ್ಶಕಿ ಐರೀನ್ ಥೈರರ್ ಕೊಡುತ್ತಿದ್ದದ್ದು ಹೆಚ್ಚೆಂದರೆ ಮೂರು. ಆ ಲೆಕ್ಕದಲ್ಲಿ ನಾನು ಎಷ್ಟೊಂದು ಸಿನಿಮಾಗಳಿಗೆ ಪೂರ್ತಿ ಅಂಕ ಕೊಟ್ಟುಬಿಟ್ಟಿದ್ದೆನೋ! ಈಗ ಜನ ವಿಮರ್ಶೆಗಳನ್ನು ಒಟ್ಟುಹಾಕುವ ರಾಟನ್ ಟೊಮೇಟೋಸ್ ವೆಬ್‌ಸೈಟ್‌ನ ಶೇಕಡಾವಾರು ನೋಡುತ್ತಾರೆ. ಅದು ಎಷ್ಟು ಜನ ವಿಮರ್ಶಕರು ಒಪ್ಪಿದರು ಅನ್ನುವ ಲೆಕ್ಕ, ಎಷ್ಟರ ಮಟ್ಟಿಗೆ ಒಪ್ಪಿದರು ಅನ್ನುವುದಲ್ಲ. ಎಲ್ಲರೂ ‘ಪರವಾಗಿಲ್ಲ’ ಅಂದ ಸಿನಿಮಾಕ್ಕೂ 100 ಬರಬಹುದು. ನನ್ನ ‘ಒಮ್ಮೆ ನೋಡಬಹುದು’ ಕೂಡ ಅಲ್ಲಿ ಜೈಕಾರವೇ.

ನಾಚಿಕೆಯ ಕಥೆಯೊಂದಿದೆ. ಒಂದೇ ದಿನ ಮೂರು ಸಿನಿಮಾ ನೋಡಿದ್ದೆ. ಕೊನೆಯದು ನಿಧಾನದ್ದು, ಮಾತು ಕಡಿಮೆ. ‘ತೆವಳುತ್ತದೆ’ ಅಂತ ಬರೆದು ಎರಡು ಕೊಟ್ಟೆ. ವರ್ಷದ ನಂತರ ಮನೆಯಲ್ಲಿ ಮತ್ತೆ ನೋಡಿದೆ. ತೆವಳಿದ್ದು ಸಿನಿಮಾ ಅಲ್ಲ, ನಾನು. ನಾಲ್ಕಕ್ಕೆ ಏರಿಸಿ, ಏರಿಸಿದ್ದೇನೆ ಅಂತ ಬರೆದೂ ಬರೆದೆ. ಕೆಲವರು ನಕ್ಕರು. ಈಗ ದಿನಕ್ಕೆ ಎರಡಕ್ಕಿಂತ ಜಾಸ್ತಿ ಇಲ್ಲ, ನಿಧಾನದ್ದನ್ನು ಬೆಳಗ್ಗೆಯೇ ನೋಡುತ್ತೇನೆ.

ದೆವ್ವದ ಸಿನಿಮಾವನ್ನು ದೆವ್ವದ ಸಿನಿಮಾಗಳ ಜೊತೆಗೇ ಹೋಲಿಸಬೇಕು ಅನ್ನುವುದೂ ನಿಧಾನವಾಗಿ ಅರ್ಥವಾಯಿತು. ಹೆದರಿಸಲು ಬಂದದ್ದು ಹೆದರಿಸಿತಾ? ಅಷ್ಟೇ ಪ್ರಶ್ನೆ. ಒಮ್ಮೆ ಓದುಗರೊಬ್ಬರು ಹೇಳಿದರು: ‘ನೀವು ಎರಡು ಕೊಟ್ಟದ್ದನ್ನು ಓದಿಯೇ ನಾನು ಹೋದೆ, ನನಗೆ ಬೇಕಾಗಿದ್ದು ಅದೇ ಥರದ್ದು.’ ನಾಲ್ಕು ಕೊಟ್ಟದ್ದಕ್ಕೆ ಬಂದ ಯಾವ ಹೊಗಳಿಕೆಯೂ ನನಗೆ ಇಷ್ಟು ಹಿಡಿಸಿರಲಿಲ್ಲ.

ಆರು ತಿಂಗಳು ಮುಗಿದು ಮೂರು ವಾಪಸ್ ಬಂದಿದೆ, ಅಪರೂಪಕ್ಕೆ. ಮೊನ್ನೆ ಮತ್ತೆ ಎಣಿಸಿದಾಗ ಬೇರೆಯದೇ ಸಿಕ್ಕಿತು. ಇಲ್ಲಿಯವರೆಗೆ ಒಂದೇ ಒಂದು ಹಾಸ್ಯದ ಸಿನಿಮಾಕ್ಕೂ ನಾನು ಮೂರೂವರೆ ದಾಟಿಸಿಲ್ಲ. ಥಿಯೇಟರ್‌ನಲ್ಲಿ ಹೊಟ್ಟೆ ಹಿಡಿದು ನಕ್ಕವನೂ ನಾನೇ.